ಮೊದಲ ಸಲಕ್ಕೆ ಬೇಡ ಎನ್ನುವ ಊರು

ಮಾರ್ಚ್ ತಿಂಗಳಲ್ಲಿ ರೇಡಿಯೋದವರು ಪ್ರವಾಹದ ಮುನ್ಸೂಚನೆ ಓದಿದರು. ದೇಶದ ಉತ್ತರದಂಚಿನ ರೆಡ್ ನದಿಯ ಬಯಲಲ್ಲಿ ಬಿದ್ದಿರುವ ಹಿಮದೊಳಗೆ ಈ ಸಲ ನೀರು ವಿಪರೀತ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿರುವುದರಿಂದ ಕರಗಿದ ಒಂದು ಹನಿಯೂ ಇಂಗುವುದಿಲ್ಲ. ನದಿ ಹರಿಯುವುದು ಉತ್ತರಕ್ಕೆ, ಅಲ್ಲಿ ಮಂಜುಗಡ್ಡೆ ಇನ್ನೂ ಒಡೆದಿಲ್ಲ. ಬಂದ ನೀರು ಹೊಲಗಳಲ್ಲೇ ಕಾಲು ಚಾಚಿ ಕೂರುತ್ತದೆ.

ರೈತ ಹಾಲ್ವರ್ ರೇಡಿಯೋ ಆರಿಸಿ, "ಸ್ವಲ್ಪ ಒದ್ದೆ ಆಗ್ಬಹುದು" ಎಂದ.

ಅವನ ಮನೆ ದಿಬ್ಬದ ಮೇಲಿತ್ತು. ಸೋಯಾ ತುಂಬಿದ ತಗಡಿನ ಕಣಜ ಮಾತ್ರ ತಗ್ಗಿನಲ್ಲಿತ್ತು. ಸೋಯಾ ನೆನೆದರೆ ಉಬ್ಬುತ್ತದೆ, ಉಬ್ಬಿದರೆ ತಗಡು ಸೀಳುತ್ತದೆ. ವರ್ಷದ ದುಡಿಮೆಯೆಲ್ಲ ಅದರೊಳಗಿತ್ತು. ಅವನ ಲಾರಿ ಚಳಿಗೆ ಕೆಟ್ಟು ನಿಂತಿತ್ತು, ಬಾಡಿಗೆ ಲಾರಿಗಳು ಬೇರೆಯವರ ಪಾಲಾಗಿದ್ದವು. ನೆಲ ಮೆತ್ತಗಾಗತೊಡಗಿದರೆ ಭಾರದ ಗಾಡಿಗಳು ರಸ್ತೆಗಿಳಿಯಬಾರದೆಂದು ಫಲಕ ನೆಡುತ್ತಾರೆ. ಆಮೇಲೆ ಲಾರಿ ಸಿಕ್ಕರೂ ಉಪಯೋಗವಿಲ್ಲ.

ಅಂದೇ ಪಕ್ಕದ ಜಮೀನಿನ ಕ್ಲೇಟನ್ ಬಂದ. ದೂರದ ದಕ್ಷಿಣದ ಟೆಕ್ಸಾಸಿನವನು, ಇಲ್ಲಿ ಇದು ಅವನ ಮೊದಲ ಚಳಿಗಾಲ.

"ನನ್ನ ಲಾರಿ ಸುಮ್ನೆ ನಿಂತಿದೆ ಸರ್. ನಿಮ್ಮ ಸೋಯಾ ಪೇಟೆ ಗೋದಾಮಿಗೆ ಸಾಗಿಸಿಬಿಡೋಣ್ವಾ?"

"ಅಯ್ಯೋ ಬೇಡಪ್ಪ. ನಿಂಗ್ಯಾಕೆ ತೊಂದ್ರೆ."

"ಸರಿ ಸರ್," ಎಂದು ಕ್ಲೇಟನ್ ಹೊರಟೇಹೋದ.

ಹಾಲ್ವರ್ ಬಾಗಿಲಲ್ಲೇ ನಿಂತ. ಆ ಊರಲ್ಲಿ ಮೊದಲ ಸಲಕ್ಕೆ ಯಾರೂ ಒಪ್ಪುವುದಿಲ್ಲ. ಎರಡನೆಯ ಸಲವೂ ಬೇಡ. ಮೂರನೆಯ ಸಲ, 'ಇಷ್ಟು ಹೇಳ್ತೀಯ ಅಂದ್ಮೇಲೆ'. ಕಾಫಿಗೂ ಹೀಗೆಯೇ, ಆಪರೇಷನ್ನಿಗೂ ಹೆಚ್ಚುಕಡಿಮೆ ಹೀಗೆಯೇ.

"ಇನ್ನೆರಡು ಸಲ ಕೇಳ್ತಾನೆ," ಎಂದ ಹೆಂಡತಿ ರಗ್ನಾಳಿಗೆ.

"ಅವ್ನು ಟೆಕ್ಸಾಸಿನೋನು ಹಾಲ್ವರ್. ಬೇಡ ಅಂದ್ರೆ ಬೇಡ ಅಂತ್ಲೇ ತಿಳ್ಕೋತಾನೆ."

"ಛೆ, ಅಷ್ಟೊಂದು ಒರಟ ಅಲ್ಲ ಅವ್ನು."

ವಾರ ಕಳೆಯಿತು. ಮುನ್ಸೂಚನೆಯಲ್ಲಿ ನೀರಿನ ಮಟ್ಟ ಏರಿತು, ಗಾಳಿ ಬೆಚ್ಚಗಾಯಿತು. ಕ್ಲೇಟನ್ ದೂರದಿಂದಲೇ ಕೈ ಬೀಸುತ್ತಿದ್ದ. ಅವನಿಗೆ ಮರ್ಯಾದೆಯಿಂದ ನೆನಪಿಸಲು ಹಾಲ್ವರನಿಗೆ ತಿಳಿದಿದ್ದು ಒಂದೇ ದಾರಿ, ತಾನೇ ಹೋಗಿ ಸಹಾಯ ಬೇಕೇ ಎಂದು ಕೇಳುವುದು.

"ಮನೆ ಸುತ್ತ ಮರಳಿನ ಚೀಲ ಜೋಡ್ಸೋಕೆ ಕೈ ಏನಾದ್ರೂ..."

"ಬೇಕು ಸರ್! ಒಳ್ಳೆ ಹೊತ್ತಿಗೆ ಬಂದ್ರಿ," ಎಂದು ಕ್ಲೇಟನ್ ಸಲಿಕೆ ಕೊಟ್ಟೇಬಿಟ್ಟ.

ಬೇಡ ಅನ್ನಿಸಿಕೊಂಡು ಹಿಂತಿರುಗಲು ಬಂದಿದ್ದ ಹಾಲ್ವರ್ ಚರ್ಚಿಗೆ ಹೋಗುವ ಒಳ್ಳೆಯ ಬೂಟು ಹಾಕಿಕೊಂಡಿದ್ದ. ಅದರಲ್ಲೇ ಸಂಜೆಯವರೆಗೆ ಮರಳು ತುಂಬಿದ. ಅಷ್ಟರಲ್ಲಿ ರಸ್ತೆ ಇಲಾಖೆಯವನು ಗಾಡಿ ನಿಲ್ಲಿಸಿ, "ನಾಳೆ ಸಂಜೆ ಫಲಕ ನೆಡ್ತೀವಿ, ಆಮೇಲೆ ಲಾರಿ ಓಡ್ಸೋ ಹಾಗಿಲ್ಲ" ಎಂದು ಹೇಳಿಹೋದ.

"ನಿಮ್ಮ ಸೋಯಾ ಏನಾಯ್ತು ಸರ್?" ಕ್ಲೇಟನ್ ಕೇಳಿದ.

"ಅದಾ? ಇದೆ. ನೋಡೋಣ."

"ಬೇರೆ ಏರ್ಪಾಡಾಗಿದೆ ಅನ್ನಿ. ಒಳ್ಳೇದಾಯ್ತು," ಎಂದು ಕ್ಲೇಟನ್ ಮನೆ ಕಡೆ ತಿರುಗಿದ.

ಹಾಲ್ವರ್ ಅವನ ಬೆನ್ನನ್ನೇ ನೋಡಿದ. ಮುಖಕ್ಕಿಂತ ಬೆನ್ನಿಗೆ ಹೇಳುವುದು ಸುಲಭವಾಗಿತ್ತು.

"ಬೇಕು."

"ಏನು ಬೇಕು ಸರ್?"

ಎರಡನೆಯ ಮಾತೂ ಆಡಬೇಕಾದೀತೆಂದು ಹಾಲ್ವರ್ ಎಣಿಸಿರಲಿಲ್ಲ. "ಲಾರಿ."

"ಮೊದ್ಲೇ ಹೇಳ್ಬಾರ್ದಿತ್ತಾ!"

"ಈಗ ಹೇಳಿದ್ನಲ್ಲ."

ಮರುದಿನ ಬೆಳಕು ಹರಿದಾಗಿನಿಂದ ಲಾರಿ ಓಡಿತು. ಕೊನೆಯ ಲೋಡು ದಾಟಿದ ಹಿಂದೆಯೇ ಫಲಕ ನೆಟ್ಟರು. ಖಾಲಿ ಕಣಜ ಬಡಿದರೆ ಡಬ್ಬದಂತೆ ಸದ್ದು ಮಾಡುತ್ತಿತ್ತು.

"ನೀನೇ ಬಾಯ್ಬಿಟ್ಟು ಕೇಳಿದ್ಯಾ?" ಎಂದಳು ರಗ್ನಾ.

"ಹ್ಞೂಂ."

ಅವಳು ಮರಳು ಮೆತ್ತಿದ ಚರ್ಚಿನ ಬೂಟನ್ನು ಒರೆಸಲು ಎತ್ತಿಕೊಂಡಳು.

"ಚರ್ಚಲ್ಲಿ ಯಾರ ಹತ್ರಾನೂ ಹೇಳ್ಬೇಡ," ಎಂದ ಹಾಲ್ವರ್.