ನೀರು ಕುಡಿಯದ ಬುಷ್

ಐಪ್ಪಸಿ ತಿಂಗಳ ಮಳೆ ನಸುಕಿಗೆ ನಿಂತಿತ್ತು. ಶುಕ್ರವಾರ, ಬೆಳಗಿನ ಏಳು ಗಂಟೆ. ಕಾರ್ಖಾನೆಯ ಪರೀಕ್ಷೆಯ ತೊಟ್ಟಿಯೊಳಗೆ ಪಂಪು ಇನ್ನೂ ತಿರುಗುತ್ತಲೇ ಇತ್ತು.

ಮದಿವಾಣನ್ ತೊಟ್ಟಿಯ ಅಂಚಿಗೆ ಅಂಗೈ ಊರಿದ. ಸಣ್ಣ ನಡುಕ. ಪಂಪಿನದು.

ಇಪ್ಪತ್ತೊಂದು ದಿನದಿಂದ ಅದು ನೀರಿನಲ್ಲಿ ಓಡುತ್ತಿತ್ತು. ಅದರ ಹೊಟ್ಟೆಯಲ್ಲಿ ಹೆಬ್ಬೆರಳಷ್ಟು ಅಗಲದ ಒಂದು ಬಿಳಿ ಬಳೆ. ಬುಷ್ ಅನ್ನುತ್ತಿದ್ದರು. ಉಕ್ಕಿನ ದಂಡ ತಿರುಗುವುದು ಅದರೊಳಗೇ. ಬಳೆ ಒಂದು ಕೂದಲೆಳೆಯಷ್ಟು ಉಬ್ಬಿದರೂ ದಂಡವನ್ನು ಹಿಡಿದುಬಿಡುತ್ತದೆ, ಮೋಟಾರು ಸುಡುತ್ತದೆ. ಆಡಿ ತಿಂಗಳಲ್ಲಿ ಪಲ್ಲಡಂ ಕಡೆಯ ಬೋರುಗಳಲ್ಲಿ ನಲವತ್ತು ಪಂಪು ಹಾಗೇ ಹಿಡಿದುಕೊಂಡಿದ್ದವು. ಆಗ ಕಾರ್ಖಾನೆಯ ಯಜಮಾನ, ಮೊದಲಾಳಿ ವೇಂಕಟಪತಿ ನಾಯ್ಡು ಅವನನ್ನು ಕೋಣೆಗೆ ಕರೆದಿದ್ದರು. ದಿನವೂ ತಮ್ಮನನ್ನು ಕರೆದಂತೆ ತಂಬಿ ಎನ್ನುವವರು ಅಂದು ಸಾರ್ ಎಂದಿದ್ದರು.

"ಇನ್ನೊಂದು ಹಿಡಿದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ, ಸಾರ್."

ಹಳೆಯ ಬುಷ್ ನೈಲಾನಿನದು. ಇಪ್ಪತ್ತಾರು ವರ್ಷ ಕುಪ್ಪಣ್ಣ ಮೇಸ್ತ್ರಿ ಅದರ ತುಂಡುಗಳನ್ನು ಷೆಡ್ಡಿನ ಹಿಂದೆ ತಾಮ್ರದ ಹಂಡೆಯಲ್ಲಿ ಬೇಯಿಸಿ, ಆಮೇಲೇ ಲೇತಿಗೆ ಕಟ್ಟಿ ಅಳತೆಗೆ ಕಡೆಯುತ್ತಿದ್ದ. ಮೋಟಾರಿಗೆ ತಂತಿ ಸುತ್ತುವ ವೈಂಡಿಂಗಿನವರು ಹಂಡೆಯಲ್ಲಿ ಇಣುಕಿ, ಮಾಮಾ, ಬೇಳೆ ಯಾವಾಗ ಹಾಕ್ತೀರಿ ಎಂದು ಕೇಳುತ್ತಿದ್ದರು. ಕುಪ್ಪಣ್ಣನದು ಒಂದೇ ಉತ್ತರ.

"ಕುಡಿಯೋದನ್ನೆಲ್ಲ ಇಲ್ಲೇ ಕುಡಿದು ಮುಗಿಸ್ಲಿ. ಬಾವಿಗೆ ಇಳಿದ್ಮೇಲೆ ಕುಡಿದ್ರೆ ರಂಪ ಮಾಡುತ್ತೆ."

ದೊಡ್ಡ ಓದು ಓದಿ ಇಂಜಿನಿಯರಾಗಿ ಬಂದ ಮದಿವಾಣನ್ ಮೊದಲ ವಾರವೇ ಆ ಒಲೆ ಆರಿಸಿದ. ಕಾಗದದಲ್ಲಿ ಬರೆದು ಕೊಡಲಿಲ್ಲ, ಬಾಯಲ್ಲಿ ಹೇಳಿದ. ಇದು ಅಡುಗೆಮನೆಯಲ್ಲ ಎಂದ. ಬೇಯಿಸದ ಬುಷ್‌ಗಳು ಬೋರಿಗೆ ಇಳಿದವು, ಅಲ್ಲಿ ಕುಡಿದವು, ಉಬ್ಬಿದವು.

ಅಳತೆ ತಪ್ಪಿದ್ದು ಯಾರಿಂದ ಎಂದು ಮೊದಲಾಳಿ ಕೇಳಿದಾಗ ಎಲ್ಲರೂ ಕುಪ್ಪಣ್ಣನ ಲೇತಿನ ಕಡೆ ನೋಡಿದರು. ಮದಿವಾಣನ್ ಕೈಯಲ್ಲಿದ್ದ ನಕ್ಷೆ ನೋಡಿದ. ಕುಪ್ಪಣ್ಣ ಅವನ ಮುಖ ನೋಡಿ ಕಾದ. ಆಮೇಲೆ, ಕಣ್ಣಿಗೂ ವಯಸ್ಸಾಯಿತಲ್ಲ, ಎಂದ. ಅಲ್ಲಿಗೆ ಮುಗಿಯಿತು.

ಅನಂತರ ಮದಿವಾಣನ್ ಹಟ ಹಿಡಿದು ಹುಡುಕಿದ. ಹದಿಮೂರು ಬಗೆಯ ಪ್ಲಾಸ್ಟಿಕ್ ತರಿಸಿದ. ಒಂದು ಬಿಸಿಗೆ ಬಾಗಿತು, ಒಂದು ಮರಳಿಗೆ ಸವೆಯಿತು, ಒಂದು ಏಟಿಗೆ ಒಡೆಯಿತು. ಕಡೆಗೆ ಸಿಕ್ಕಿದ್ದು ಅಸಿಟಲ್. ಗಟ್ಟಿ, ನುಣುಪು. ನೀರು ಕುಡಿಯುವುದಿಲ್ಲ ಎಂದೇ ಹೇಳಬಹುದು.

ಹತ್ತು ಗಂಟೆಗೆ ಪಂಪು ನಿಲ್ಲಿಸಿ ಬಿಚ್ಚಿದರು. ಷೆಡ್ಡೆಲ್ಲ ಸುತ್ತ ನೆರೆದಿತ್ತು. ಮದಿವಾಣನ್ ಮೈಕ್ರೋಮೀಟರಿಗೆ ಕೈ ಚಾಚಿದ. ಮೊದಲಾಳಿ ತಡೆದರು.

"ಮೇಸ್ತ್ರಿ ಅಳೀಲಿ."

ಕುಪ್ಪಣ್ಣ ಕನ್ನಡಕ ಒರೆಸಿಕೊಂಡ. ಒಮ್ಮೆ ಅಳೆದ. ಬುಷ್ ತಿರುಗಿಸಿ ಇನ್ನೊಮ್ಮೆ ಅಳೆದ. ಇವನ ಒಂದೇ ಒಂದು ಸುಳ್ಳು ಸಾಕು, ನನ್ನ ಕೆಲಸ ಹೋಗಲು, ಎಂದುಕೊಂಡ ಮದಿವಾಣನ್. ತಾನಾಗಿದ್ದರೆ ಹೇಳುತ್ತಿದ್ದೆ ಅನ್ನಿಸಿತು. ಮೂರನೆಯ ಸಲ ಅಳೆದು ಕುಪ್ಪಣ್ಣ ತಲೆಯೆತ್ತಿದ.

"ಹಾಕ್ದಾಗ ಎಷ್ಟಿತ್ತೋ ಅಷ್ಟೇ ಇದೆ."

ಷೆಡ್ಡು ಕೇಕೆ ಹಾಕಿತು. ವೈಂಡಿಂಗಿನವರು ಸಿಳ್ಳೆ ಹೊಡೆದರು, ಯಾರೋ ತಗಡು ಬಡಿದರು. ಮೊದಲಾಳಿ ಅವನನ್ನು ತಬ್ಬಿಕೊಂಡು, ನಮ್ಮ ಪಂಪು ಇನ್ನು ಯಾವ ಬಾವಿಗೂ ಹೆದರಬೇಕಾಗಿಲ್ಲ ಎಂದರು. ಮತ್ತೆ ತಂಬಿ ಎಂದರು. ಮದಿವಾಣನ್‌ಗೆ ಎದೆ ತುಂಬಿತು. ಸುಳ್ಳಲ್ಲ. ಗೆದ್ದದ್ದು ಅವನೇ, ಆರಿಸಿದ್ದು ಅವನೇ, ಆರಿಸಿದ್ದು ಸರಿಯಾಗಿತ್ತು.

ಲಡ್ಡು ತರಿಸಿದರು. ಮೊದಲಾಳಿ ಹಂಚುತ್ತ ಬಂದು ಕುಪ್ಪಣ್ಣನ ಮುಂದೆ ನಿಂತರು.

"ಇನ್ನು ಕಡೆಯೋ ಕೆಲಸವೂ ಇಲ್ಲ, ಮೇಸ್ತ್ರಿ. ಅಚ್ಚಿಂದ ನೇರ ಪಂಪಿಗೆ. ಮನೇಲಿದ್ದು ಕಣ್ಣಿಗೆ ವಿಶ್ರಾಂತಿ ಕೊಡಿ."

ಕಣ್ಣಿನ ಮಾತು ಕೇಳಿ ಮದಿವಾಣನ್ ಬಾಯಿ ತೆರೆದ. ಪಕ್ಕದವನು ಅದರಲ್ಲಿ ಲಡ್ಡು ತುರುಕಿದ. ಎಲ್ಲರೂ ನಕ್ಕರು. ಅಗಿದು ನುಂಗುವಷ್ಟರಲ್ಲಿ ಮೊದಲಾಳಿ ಮುಂದಕ್ಕೆ ಹೋಗಿದ್ದರು. ಲಡ್ಡು ತುಂಬಾ ದೊಡ್ಡದಾಗಿತ್ತು, ಎಂದುಕೊಂಡ.

ಶುಕ್ರವಾರದ ಪೂಜೆ ನಾಲ್ಕೂವರೆಗೆ. ಯಂತ್ರಗಳಿಗೆಲ್ಲ ಗಂಧ ಕುಂಕುಮ, ಆಮೇಲೆ ಪುರಿ ಕಡಲೆ. ಕುಪ್ಪಣ್ಣ ತನ್ನ ಲೇತಿಗೆ ಬೊಟ್ಟಿಟ್ಟು, ಷೆಡ್ಡಿನ ಹಿಂದೆ ಹೋಗಿ, ತಿಂಗಳುಗಟ್ಟಲೆಯಿಂದ ಒಲೆ ಕಾಣದ ಹಂಡೆಗೂ ಇಟ್ಟ. ಮಳೆನೀರು ಅದರ ಕಂಠದವರೆಗೆ ತುಂಬಿತ್ತು. ಮದಿವಾಣನ್ ಹಿಂದೆಯೇ ಹೋಗಿದ್ದ.

"ಮೇಸ್ತ್ರಿ."

"ಒಳ್ಳೆ ಮಾಲು ಆರಿಸಿದ್ರಿ, ತಂಬಿ. ಬಾಯಿಮಾತಿಗೆ ಹೇಳ್ತಿಲ್ಲ. ಇಷ್ಟು ವರ್ಷ ಸೌದೆ ಸುಟ್ಟೆನಲ್ಲ ಅನ್ನಿಸ್ತು."

"ನಾನು ಆವತ್ತು ಹೇಳಬೇಕಾಗಿತ್ತು."

"ಏನು?"

ಕುಪ್ಪಣ್ಣ ಕಾದ. ಕೈಯ ಕುಂಕುಮ ಒರೆಸಿಕೊಳ್ಳಲೂ ಇಲ್ಲ.

"ನಿಮ್ಮ ಬಸ್ಸು ಎಷ್ಟು ಗಂಟೆಗೆ?"

"ಐದೂವರೆಗೆ," ಎಂದ ಕುಪ್ಪಣ್ಣ.

ಅವನು ಹೋದ ಮೇಲೆ ಮದಿವಾಣನ್ ಜೇಬಿನಿಂದ ಬೆಳಿಗ್ಗೆ ಅಳೆದ ಬುಷ್ ತೆಗೆದ. ಹಂಡೆಯ ನೀರಲ್ಲಿ ಮುಳುಗಿಸಿ ಹಿಡಿದ. ತಳದಲ್ಲಿ ಹಳೆಯ ನೈಲಾನಿನ ತುಂಡುಗಳು ಹಳದಿಗಟ್ಟಿ, ಕುಡಿದು ತಣಿದು ಮಲಗಿದ್ದವು. ಅತ್ತ ಫೋಟೋಗೆ ನಿಲ್ಲಿಸಲು ಅವನ ಹೆಸರು ಹಿಡಿದು ಕರೆಯುತ್ತಿದ್ದರು. ಕೂಗು ಕೇಳಿಸುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಮೊಣಕೈವರೆಗೆ ಮರಗಟ್ಟಿದ ಮೇಲೆ ಕೈ ಹೊರಗೆಳೆದ. ಬೆರಳ ತುದಿಗಳು ನೆನೆದು ಸುಕ್ಕಾಗಿದ್ದವು. ಬುಷ್ ಒಂದು ಸಲ ಕೊಡವಿದ. ಹನಿಗಳು ಉದುರಿದವು. ಅದು ಬೆಳ್ಳಗೆ, ಒಣಗಿ, ಹಾಕಿದಾಗ ಎಷ್ಟಿತ್ತೋ ಅಷ್ಟೇ ಇತ್ತು.

ಕುಪ್ಪಣ್ಣ ಮೇಸ್ತ್ರಿ ಕೆಲಸ ಬಿಟ್ಟು ಹೋದದ್ದು ಆ ಶುಕ್ರವಾರವೇ, ಐದೂವರೆಯ ಬಸ್ಸಿಗೆ.