ಹಳದಿಯ ಮೇಲೊಂದು ಕೂದಲೆಳೆ

ಕೂದಲೆಳೆ ಅಂದುಕೊಂಡು ಹೆಬ್ಬೆರಳಿನಿಂದ ಒರೆಸಿದೆ, ಹೋಗಲಿಲ್ಲ, ಉಗುರಿನಿಂದ ಕೆರೆದೆ, ಹಳದಿ ಬಣ್ಣದ ಚಕ್ಕೆಯೊಂದು ಎದ್ದಿತು, ಕೂದಲು ಅಲ್ಲೇ ಇದೆ — ಯಾರ ತಲೆಯದೂ ಅಲ್ಲ, ಕಬ್ಬಿಣದ್ದು, ಕಂಬದ ಬೆಸುಗೆಯ ಮೇಲೆ ನನ್ನ ಎದೆಮಟ್ಟಕ್ಕೆ ಅಡ್ಡ ಹಾದ ಸೀಳು, ಮೇಲಿನ ಅಟ್ಟದಿಂದ ಒಬ್ಬೊಬ್ಬರೇ ಜಿಪ್‌ಲೈನಿನ ತಂತಿಗೆ ಜೋತುಬಿದ್ದು ಕೆರೆಯ ಆಚೆ ದಂಡೆಗೆ ಜಾರುವಾಗ ತುಸು ಬಾಯಿ ಬಿಡುತ್ತದೆ, ಅವರು ಆಚೆ ಮುಟ್ಟಿದ ಮೇಲೆ ಮುಚ್ಚಿಕೊಳ್ಳುತ್ತದೆ, ಬಿಡುತ್ತದೆ, ಮುಚ್ಚಿಕೊಳ್ಳುತ್ತದೆ, ಸಾಲಿನಲ್ಲಿ ಇನ್ನು ನಾಲ್ಕು ಮಂದಿ, ಐದನೆಯವಳು ನಮ್ಮ ಫಿಜಾ, ಅಕ್ಕನ ಮಗಳು, ಎಂಟು ವರ್ಷ, ತಲೆಗಿಂತ ದೊಡ್ಡ ಹೆಲ್ಮೆಟ್ಟು, ಮಾಮಾ ನಾ ಕಣ್ಣ ಮುಚ್ಚಂಗಿಲ್ಲ, ನೀನೂ ಮುಚ್ಚಬಾರದು, ಮುಚ್ಚಿದವರು ಐಸ್‌ಕ್ರೀಮ್ ಕೊಡಸಬೇಕು ಅಂತ ಪಂದ್ಯ ಕಟ್ಟಿ ಹೋಗಿದ್ದಾಳೆ. ಕಂಬದ ಹಿಂದೆ ಕೈಯಾಡಿಸಿದರೆ ಬೆಸುಗೆಯ ಬಾಲ ಸಿಗುತ್ತದೆ, ಬೆಸುಗೆ ಎಳೆದು ನಿಲ್ಲಿಸಿದ ಕೊನೆ, ಎಡಕ್ಕೆ ತಿರುಗಿದ ಬಾಲ, ಎಡಚನ ಕೈ, ಹುಬ್ಬಳ್ಳಿಯಲ್ಲಿ ಎಡಗೈಯಿಂದ ವೆಲ್ಡಿಂಗ್ ಮಾಡುವವರು ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ, ಹೀಗೆ ಬಾಲ ತಿರುಗಿಸುವವನು ಒಬ್ಬನೇ, ಅವನು ಇಲ್ಲೇ ನಿಂತಿದ್ದಾನೆ.

ಎರಡು ವರ್ಷದ ಹಿಂದೆ, ಗೋಕುಲ ರಸ್ತೆಯ ಶೆಡ್ಡು, ಮಳೆಗಾಲ, ಭಾವ ಇಸ್ತಿಯಾಕ ಮದುವೆ ಮಂಟಪ ಕಟ್ಟಿಸುವ ಗುತ್ತಿಗೆಯವನು, ಸಂಜೆಯೊಳಗೆ ಹೂವಿನ ಕಮಾನು ಬೇಕು ಅಂತ ತಲೆಯ ಮೇಲೆ ಕೂತಿದ್ದ, ಪೈಪು ಬೆರಳಗಲ ಗಿಡ್ಡ ಬಿದ್ದಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು, ನನಗೆ ಕೆಲಸ ಕಲಿಸಿದ ಮಕ್ತುಮಸಾಬ ಚಾಚಾ ಅವತ್ತು ಯಾರದೋ ಮಣ್ಣಿಗೆ ಉಪ್ಪಿನಬೆಟಗೇರಿಗೆ ಹೋಗಿದ್ದರು, ಇದ್ದಿದ್ದರೆ ಕಪಾಳಕ್ಕೆ ಬಿಡುತ್ತಿದ್ದರು, ಸಂದಿ ಬಿದ್ರ ಪೈಪ ಬದ್ಲಿ ಮಾಡೋ, ಒಳಗ ಕಸಾ ತುಂಬಬ್ಯಾಡ. ನಾನು ತುಂಬಿದೆ. ಮುರಿದ ರಾಡಿನ ತುಂಡನ್ನು ಸಂದಿಗೆ ತುರುಕಿ ಮೇಲೆ ತೆಳ್ಳಗೆ ಬೆಸುಗೆ ಎಳೆದೆ, ಎದುರಿನ ಭಾಗಕ್ಕೆ ಗ್ರೈಂಡರ್ ಹೊಡೆದು ಮತ್ತಷ್ಟು ತೆಳ್ಳಗೆ ಮಾಡಿದೆ, ಹಿಂದಿನದು ಯಾರಿಗೆ ಕಾಣಬೇಕು ಅಂತ ಬಿಟ್ಟೆ, ಬಣ್ಣ ಬಳಿದೆ — ಹೂವು ತಾನೇ, ಸೇವಂತಿಗೆ ಹೂವು, ಅದಕ್ಕೇನು ಭಾರ. ಆಮೇಲೆ ಆ ನಮೂನೆಯ ಕಮಾನನ್ನು ಯಾರೂ ಕೇಳದಾದರು, ಭಾವ ಅದನ್ನು ಕಲಘಟಗಿ ಕಡೆಯ ಈ ಕ್ಯಾಂಪಿನವರಿಗೆ ಸಾಗಿಸಿದ, ಅದಕ್ಕೇ ನಮಗೆ ಎರಡು ದಿನದ ಈ ಪುಕ್ಕಟೆ ವಾಸ, ಗ್ಲ್ಯಾಂಪಿಂಗ್ ಅಂತೆ, ಡೇರೆಯೊಳಗೆ ಮಂಚ, ಎಸಿ, ಆಳೆತ್ತರದ ಕನ್ನಡಿ, ಅವ್ವ ಬಿಳಿ ಚಾದರದ ಮೇಲೆ ಕಾಲು ಚಾಚಲು ಹೆದರಿ ಅಂಚಿನಲ್ಲೇ ಮುದುಡಿಕೊಂಡಳು. ನಿನ್ನೆ ದಾರಿ ಬಳಸಿ ಉಣಕಲ್ ಕೆರೆ, ನೃಪತುಂಗ ಬೆಟ್ಟ, ಎಲ್ಲ ಕಡೆ ಫೋಟೋ, ಎಲ್ಲ ಫೋಟೋದಲ್ಲೂ ನಾನು ಮುಖ ಗಂಟಿಕ್ಕಿದವನು. ಹೂವಿನ ಕಮಾನಿನ ಕಾಲು ಈಗ ಮನುಷ್ಯರು ಹತ್ತುವ ಅಟ್ಟಕ್ಕೆ ಆಸರೆ, ನಿನ್ನೆ ಸಂಜೆ ಬಾಲ ಕಂಡೆ, ಸೀಳು ಇವತ್ತಿನದು.

ಮೂರು ಮಂದಿ ಉಳಿದರು. ಬಿಟ್ಟಿತು, ಮುಚ್ಚಿತು.

ಬೆಳಗ್ಗೆ ಹೇಳಿದೆನಲ್ಲ, ನಾಷ್ಟಾದ ಮೇಜಿನ ಹತ್ತಿರ ಭಾವನಿಗೆ ಹೇಳಿದೆ, ಆ ಕಂಬ ಬರೋಬರಿ ಇಲ್ಲ, ಹುಡುಗೀನ ಹತ್ತಸಬ್ಯಾಡ್ರಿ. ಅವನು ಉಪ್ಪಿಟ್ಟು ತಿನ್ನುತ್ತಲೇ ನಕ್ಕ, ಎಂಟನೇ ಇಯತ್ತೆ ದಾಟಿಲ್ಲ, ಇಂಜಿನಿಯರನ ಮಾತ ಆಡ್ತಾನ. ನನಗೆ ಸಿಟ್ಟು ನೆತ್ತಿಗೇರಿತು, ಕುರ್ಚಿ ಒದ್ದೆ, ಚಹಾ ಚೆಲ್ಲಿತು, ಕಂಬದ ಮಾತು ಅಲ್ಲಿಗೇ ಸತ್ತಿತು, ಕುರ್ಚಿಯ ಮಾತೇ ಮಾತಾಯಿತು. ಹೀಗೇ ಆಗುವುದು. ಅಕ್ಕ ತಸ್ಲೀಮಾಳ ನಿಕಾಹದಲ್ಲಿ ಬಿರಿಯಾನಿ ತಟ್ಟೆ ಒಗೆದವನು ನಾನು, ಫಿಜಾಗೆ ಹೆಸರಿಟ್ಟ ದಿನ ಬಾಗಿಲು ಮುರಿದವನು ನಾನು, ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಾಸ್ತರನ ಮುಂದೆ ಪಾಟಿಚೀಲ ಬಿಸಾಕಿ ಶಾಲೆಯಿಂದ ಎದ್ದು ಬಂದವನೂ ನಾನೇ, ಯಾರ ತಪ್ಪನ್ನಾದರೂ ಕೇರಿಗೆಲ್ಲ ಕೇಳುವಂತೆ ಕೂಗಿದ್ದೇನೆ, ಕಮರಿಪೇಟೆಯಲ್ಲಿ ಕೇಳಿ ನೋಡಿ. ಬೆಳಗ್ಗೆಯೂ ಕಂಬ ಸರಿ ಇಲ್ಲ ಅಂದೆ, ಕಂಬ ನಂದು ಅನ್ನಲಿಲ್ಲ. ಕೈ ಛಲೋ ಐತಿ ಇವನದು, ಅದೊಂದ ಐತಿ ಅಂತ ಚಾಚಾ ಮಂದಿಯ ಮುಂದೆ ಹೇಳುತ್ತಾರೆ, ಅದೊಂದೇ ಇದೆ ನನಗೆ, ಅದನ್ನೂ ಈ ಉಪ್ಪಿಟ್ಟಿನವನ ಮುಂದೆ ಇಟ್ಟುಬಿಟ್ಟರೆ ಏನು ಉಳಿಯುತ್ತದೆ. ಅವ್ವ ಡೇರೆಯ ಹಿಂದೆ ಕರೆದು ಕೈ ಹಿಡಿದಳು, ಇದೊಂದ ದಿನಾ ಸುಮ್ಮನಿರಪಾ ಜಾಕೀರ, ನಿಮ್ಮಕ್ಕ ಎಷ್ಟ ವರ್ಷದ ಮ್ಯಾಲ ನಗಾಕತ್ತಾಳ ನೋಡು. ನೋಡಿದೆ, ಖರೇ, ಅಕ್ಕ ನಗುತ್ತಿದ್ದಳು, ಸುಮ್ಮನಾದೆ, ಸೇವಂತಿಗೆ ಹೂವಿಗೇನು ಭಾರ.

ಒಬ್ಬ ಉಳಿದ, ದಪ್ಪನೆಯವನು, ಅವನೂ ಜಾರಿದ, ಸೀಳು ಈ ಸಲ ಪೂರ್ತಿ ಮುಚ್ಚಲಿಲ್ಲ, ಕೂದಲಿದ್ದದ್ದು ದಾರವಾಗಿದೆ, ಏಣಿಯ ಮೇಲೆ ಫಿಜಾಳ ಬೂಟಿನ ಅಡಿ ಕಾಣುತ್ತಿದೆ, ಇಳಿ ಅನ್ನಬೇಕು, ಭಾವನ ಹತ್ತಿರ ಹೋದೆ, ಆ ಬೆಸುಗಿ ನಂದ್ರೀ, ಅದರಾಗ ಏನೂ ಇಲ್ಲ — ಎಷ್ಟು ಮೆತ್ತಗೆ ಬಂತು ದನಿ, ನನ್ನ ದನಿಯೇ ಅಲ್ಲ, ಏನಂದಿ ಅಂದ ಭಾವ, ಕಣ್ಣು ಮೇಲಿದೆ, ಕೇಳಿಸಿಲ್ಲ ಅವನಿಗೆ. ಆಗ ಕೂಗಿದೆ. ಹುಡುಗೀನ ಇಳಸ್ರಿ, ಅದನ್ನ ನಾ ಮಾಡೇನಿ, ಹುಸಿ ಮಾಡೇನಿ, ಇಳಸ್ರಿ. ಕಂಬದ ಪಕ್ಕದ ಏಣಿಗೆ ಕೈ ಹಾಕಿದೆ, ಕ್ಯಾಂಪಿನವನು ಒಂದು ತೋಳು ಹಿಡಿದ, ಇನ್ನೂರ ಕಿಲೋ ತಡೀತೈತ್ರಿ ಇದು, ಭಾವ ಇನ್ನೊಂದು ತೋಳು, ಸಾಲಿನವರೆಲ್ಲ ತಿರುಗಿ ನೋಡಿದರು, ಅಕ್ಕ ಫೋಟೋ ತೆಗೆಯುತ್ತಿದ್ದ ಮೊಬೈಲು ಕೆಳಗಿಳಿಸಿದಳು, ನಗು ಹೋಯಿತು, ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಮುಖ ಆಚೆ ತಿರುಗಿಸಿದಳು, ಮತ್ತ ಚಾಲೂ ಮಾಡಿದ, ಅಂದಳು, ಅಷ್ಟೇ ಅಂದಳು, ಅವರಿಗೆಲ್ಲ ಇದು ಆ ಬಿರಿಯಾನಿ ತಟ್ಟೆ, ಆ ಬಾಗಿಲು, ಆ ಕುರ್ಚಿ. ಅಟ್ಟದ ಮೇಲಿನ ಕ್ಯಾಂಪಿನ ಹುಡುಗನಿಗೆ ಗಾಳಿಯಲ್ಲಿ ಕೆಳಗಿನದು ಏನೂ ಕೇಳಿಸದು, ಫಿಜಾಳ ಸೊಂಟದ ಪಟ್ಟಿಯನ್ನು ತಂತಿಗೆ ಸಿಕ್ಕಿಸಿದ್ದಾನೆ, ಒಂದು ಅಂದ, ಮಾಮಾ ಕಣ್ಣ ಮುಚ್ಚಬ್ಯಾಡ ಅಂತ ಅವಳ ದನಿ, ಮುಚ್ಚಿಲ್ಲ, ಮುಚ್ಚಿಲ್ಲ ನನ್ನವ್ವಾ, ಅವಳು ಅಂಚಿಗೆ ಬಂದು ತಂತಿಗೆ ಭಾರ ಬಿಟ್ಟಳು, ಕಂಬ ಕಿಣ್ ಅಂತು, ನನ್ನ ಮುಖದಿಂದ ಒಂದು ಮೊಳ ದೂರದಲ್ಲಿ ಹಳದಿ, ಹಳದಿಯ ಮೇಲೆ ಆ ಕೂದಲು, ಎರಡು ಅಂದ, ಕೂದಲು ಬಾಯಿ ತೆರೆದಿದೆ, ಒಳಗೆ ನಾನು ತುರುಕಿದ ರಾಡಿನ ತುದಿ, ತುಕ್ಕು ಕೂಡ ಹಿಡಿದಿಲ್ಲ, ಕೂದಲು, ಹಳದಿಯ ಮೇಲೆ ಕೂದಲು, ರಾಡಿನ ತುದಿ