ತಮ್ಮನ ನೆನಪಿನಲ್ಲಿ ಎರಡು ಕನ್ನಡಕ

ಬಸ್ ಡಿಪೊದ ಬ್ಯಾಟರಿ ಕೋಣೆಯಲ್ಲಿ ಹದಿನೆಂಟು ವರ್ಷ ದುಡಿದ ಅವನನ್ನು ಎಲ್ಲರೂ ಬ್ಯಾಟರಿಯಣ್ಣ ಎನ್ನುತ್ತಿದ್ದರು. ಬಲಗಣ್ಣು ಹೋದ ಮೇಲೆ ಒಕ್ಕಣ್ಣ ಎಂದರು. "ಹೆಸರಲ್ಲಿ ಅಣ್ಣನ್ನಂತೂ ಕೈಬಿಟ್ಟಿಲ್ಲವಲ್ಲ, ಪುಣ್ಯ" ಎಂದು ಅವನೇ ನಗುತ್ತಿದ್ದ. ಈಗ ಗೇಟಿನಲ್ಲಿ ಕೂತು ಬಸ್ಸುಗಳ ನಂಬರು ಬರೆಯುವುದು ಅವನ ಕೆಲಸ.

ಒಂದು ಬೆಳಿಗ್ಗೆ ಮ್ಯಾನೇಜರ್ ಕರೆಸಿದರು. "ಹೊಸ ಮೆಕ್ಯಾನಿಕ್‌ಗಳಿಗೆ ಸುರಕ್ಷತೆ ಬಗ್ಗೆ ತರಗತಿ ಇದೆ. ನೀವೂ ಹೋಗಿ ಮುಂದೆ ಕೂತ್ಕೊಳ್ಳಿ. ಪಾಠ ಮಾಡೋದು ನಿಮ್ಮ ತಮ್ಮನೇ."

ತಮ್ಮ ಈಗ ಮುಖ್ಯ ಕಚೇರಿಯಲ್ಲಿ ಸುರಕ್ಷತಾ ಅಧಿಕಾರಿ. ಅವನನ್ನು ಡಿಪೊ ಕೆಲಸಕ್ಕೆ ಸೇರಿಸಿ, ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದವನು ಅಣ್ಣ. ಹೆಮ್ಮೆಯಿಂದಲೇ ಹೋಗಿ ಕುಳಿತ.

ತಮ್ಮ ಮೇಜಿನ ಮೇಲೆ ಬ್ಯಾಟರಿ ಇಟ್ಟುಕೊಂಡು ಶುರುಮಾಡಿದ. "ಮೊದಲು ಉಂಗುರ, ವಾಚು ತೆಗೀರಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಬ್ಯಾಟರಿ ಒಳಗಿನ ಪ್ಲೇಟು ಮುಳುಗುವಷ್ಟು ನೀರಿರಬೇಕು. ಅದೂ ಡಿಸ್ಟಿಲ್ಡ್ ವಾಟರ್, ನಲ್ಲಿ ನೀರಲ್ಲ."

ಅಣ್ಣ ತಲೆದೂಗಿದ. ಒಂದೊಂದೂ ಅವನದೇ ಮಾತು.

"ಚಾರ್ಜ್ ಆಗುವಾಗ ಬ್ಯಾಟರಿಯಿಂದ ಗ್ಯಾಸ್ ಬರುತ್ತೆ. ಕಣ್ಣಿಗೆ ಕಾಣಲ್ಲ, ಮೂಗಿಗೆ ತಿಳಿಯಲ್ಲ. ಚಾರ್ಜರ್ ಆರಿಸದೆ ಕ್ಲಿಪ್ ಕಿತ್ತರೆ ಕಿಡಿ ಹಾರುತ್ತೆ, ಬ್ಯಾಟರಿ ಸಿಡಿಯೋಕೆ ಅಷ್ಟು ಸಾಕು. ಏನಾಗುತ್ತೆ ಅಂತ ನೋಡಬೇಕಾ? ನಮ್ಮಣ್ಣನ್ನೇ ನೋಡಿ. ಅಣ್ಣ, ಆ ಕಪ್ಪು ಕನ್ನಡಕ ಸ್ವಲ್ಪ ತೆಗಿ."

ಅಣ್ಣ ತೆಗೆದ. ಮುಂದಿನ ಸಾಲಿನಲ್ಲಿದ್ದವಳೊಬ್ಬಳು ಮುಖ ತಿರುಗಿಸಿದಳು.

"ಇಷ್ಟು ವರ್ಷ ಮಾಡಿದೀನಿ, ನಂಗೇನಾಗುತ್ತೆ ಅನ್ನೋ ಧಿಮಾಕು," ಎಂದ ತಮ್ಮ. "ಅದರ ಫಲ ಇದು."

ಹನ್ನೊಂದು ವರ್ಷದ ಹಿಂದೆ ನಡೆದದ್ದೇ ಬೇರೆ. ತಮ್ಮ ಕೆಲಸಕ್ಕೆ ಸೇರಿ ಮೂರನೇ ತಿಂಗಳು, ಇನ್ನೂ ಕಾಯಂ ಆಗಿರಲಿಲ್ಲ. ಕೋಣೆಯಲ್ಲಿದ್ದದ್ದು ಒಂದೇ ಕನ್ನಡಕ. ಅದನ್ನು ತಮ್ಮನ ಮುಖಕ್ಕೆ ಹಾಕಿ ಅಣ್ಣ ಪಕ್ಕದ ಬ್ಯಾಟರಿಯ ನೀರು ನೋಡಲು ಬಗ್ಗಿದ್ದ. ಊಟಕ್ಕೆ ಹೋಗುವ ಆತುರದಲ್ಲಿ ತಮ್ಮ ಚಾರ್ಜರ್ ಆರಿಸದೆ ಕ್ಲಿಪ್ ಕಿತ್ತ. ಬ್ಯಾಟರಿ ಢಮಾರ್ ಎಂದು ಸಿಡಿದು, ಆಸಿಡ್ ಅಣ್ಣನ ಮುಖಕ್ಕೆ ಹಾರಿತು. ಸದ್ದು ಕೇಳಿ ಓಡಿಬಂದ ಡ್ರೈವರೊಬ್ಬ ಅಣ್ಣನನ್ನು ನಲ್ಲಿಗೆ ಎಳೆದೊಯ್ದು, ಇಪ್ಪತ್ತು ನಿಮಿಷ ಕಣ್ಣಿಗೆ ನೀರು ಬಿಟ್ಟ. ಎಡಗಣ್ಣು ಉಳಿಯಿತು.

ಆಸ್ಪತ್ರೆಯಲ್ಲಿ ಅಮ್ಮ ಕೈಹಿಡಿದು ಅತ್ತಿದ್ದಳು. "ನಿನ್ನ ಕಣ್ಣಂತೂ ಹೋಯ್ತು ಮಗಾ. ಅವನ ಕೆಲಸ ಆದ್ರೂ ಉಳೀಲಿ." ಕ್ಲಿಪ್ ಕಿತ್ತವನು ನಾನೇ ಎಂದು ಅಣ್ಣ ಡಿಪೊಗೆ ಬರೆದುಕೊಟ್ಟ.

ತರಗತಿ ಮುಗಿದ ಮೇಲೆ ತಮ್ಮ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. "ಹೇಗಿತ್ತಣ್ಣ?"

"ಪಾಠ ಚೆನ್ನಾಗಿತ್ತು. ಧಿಮಾಕು ಅಂದ್ಯಲ್ಲ…"

"ಹಾಗಂದ್ರೇನೇ ಮನಸ್ಸಿಗೆ ನಾಟೋದು. ಬೇಜಾರು ಮಾಡ್ಕೋಬೇಡ."

"ಕ್ಲಿಪ್ ಕಿತ್ತಿದ್ದು ಯಾರೋ?"

ತಮ್ಮ ತಿರುಗಿ ನೋಡಿದ. "ಯಾರು ಅಂದ್ರೆ? ನೀನೇ ಅಲ್ವಾ? ನೀನೇ ಬರ್ಕೊಟ್ಟಿದ್ದು."

"ಕನ್ನಡಕ ಯಾರ ಹತ್ರ ಇತ್ತು?"

"ನಂದು ನಾನು ಹಾಕಿದ್ದೆ. ನಿಂದು ಗೂಟಕ್ಕೆ ನೇತು ಹಾಕಿತ್ತು. ನೀನು ಮುಟ್ಟಲೇ ಇಲ್ಲ. ಯಾಕಣ್ಣ, ಹುಷಾರಿಲ್ವಾ?"

ಅಣ್ಣ ಇದ್ದೊಂದು ಕಣ್ಣಲ್ಲಿ ತಮ್ಮನ ಮುಖವನ್ನೆಲ್ಲ ಹುಡುಕಿದ. ಸುಳ್ಳಿನ ಎಳೆಯೂ ಇರಲಿಲ್ಲ. ಅಣ್ಣನ ಬಗ್ಗೆ ನಿಜವಾದ ಕಾಳಜಿಯೇ ಇತ್ತು. "ಏನಿಲ್ಲ ಬಿಡೋ," ಎಂದು ಗೇಟಿಗೆ ನಡೆದ.

ಮನೆಯಲ್ಲಿ ಹೆಂಡತಿ ಕಿಡಿಕಿಡಿಯಾದಳು. "ನಾಲ್ಕು ಜನರ ಎದುರು ಹೇಳಿಬಿಡಬಾರದಿತ್ತಾ?"

"ಯಾರು ನಂಬ್ತಾರೆ? ಡ್ರೈವರ್ ಬಂದಿದ್ದು ಸಿಡಿದ ಮೇಲೆ. ಗೊತ್ತಿದ್ದವಳು ಅಮ್ಮ. ಅವಳು ಹೋಗಿ ಮೂರು ವರ್ಷ ಆಯ್ತು. ಕಾಗದದಲ್ಲಿರೋದು ನನ್ನ ಸಹಿ."

"ಮಾಡಿದ್ದುಣ್ಣೋ ಮಾರಾಯ ಅಂತಾರೆ. ನೀವು ಮಾಡದೇ ಇದ್ದಿದ್ದನ್ನ ಉಣ್ತಾ ಇದ್ದೀರಿ."

ಮುಂದಿನ ತಿಂಗಳ ತರಗತಿಗೆ ಬರುವುದಿಲ್ಲ ಎಂದು ಅವನು ಹೇಳಿ ಕಳಿಸಿದ. ತಮ್ಮ ಫೋನ್ ಮಾಡಿದ.

"ನಿನ್ನ ನೋಡಿ ನಾಲ್ಕು ಜನರ ಕಣ್ಣು ಉಳಿಯುತ್ತೆ ಅಣ್ಣ. ಅಷ್ಟೂ ಬೇಡ್ವಾ ನಿಂಗೆ?"

"ಬರಲ್ಲ ಅಂದ್ನಲ್ಲ."

"ನಿನ್ನ ಹಟ ಇವತ್ತಿಗೂ ಹೋಗಿಲ್ಲ," ಎಂದು ತಮ್ಮ ಫೋನ್ ಇಟ್ಟ. ಆಮೇಲೆ ಅವನು ಅಣ್ಣನ ಕಡೆ ತಲೆ ಹಾಕಲಿಲ್ಲ. ತರಗತಿಯಲ್ಲಿ ಈಗ ಅಣ್ಣನ ಫೋಟೊ ತೋರಿಸುತ್ತಾನಂತೆ.

ಮುಖ ತಿರುಗಿಸಿದ್ದ ಆ ಮೆಕ್ಯಾನಿಕ್ ಒಂದು ದಿನ ಗೇಟಿನ ಬಳಿ ನಿಂತು, ಸಂಕೋಚದಿಂದ ಹೇಳಿದಳು: "ಅಣ್ಣ, ನಿಮ್ಮ ಕಥೆ ಕೇಳಿದ ಮೇಲೆ ಚಾರ್ಜರ್ ಆರಿಸದೆ ನಾನು ಕ್ಲಿಪ್ ಮುಟ್ಟಿಲ್ಲ. ನೀವು ಮಾಡಿದ ತಪ್ಪು ನಾನು ಮಾಡಲ್ಲ."

ಅವನು ಬರೆಯುತ್ತಿದ್ದ ನಂಬರು ಮುಗಿಸಿದ. "ಒಳ್ಳೇದಮ್ಮ, ಮಾಡಬೇಡ," ಎಂದ.